ಮೀಟರ್ ಮೇಲೆ ಇಪ್ಪತ್ತಾ, ಒಂದೂವರೆಯಾ? ಗ್ರಾಫಿನಲ್ಲಿ ಗೆರೆ ಎತ್ತುವುದು ಅಂದರೇನು

ಬೆಂಗಳೂರಿನಲ್ಲಿ ಆಟೋ ಹತ್ತುವವರಿಗೆ ಎರಡು ಮಾತು ಚೆನ್ನಾಗಿ ಗೊತ್ತು. ಒಂದು, "ಮೀಟರ್ ಮೇಲೆ ಇಪ್ಪತ್ತು ಕೊಡಿ ಸಾರ್." ಇನ್ನೊಂದು, ರಾತ್ರಿ ಹತ್ತಾದ ಮೇಲೆ ಕೇಳುವ "ಒಂದೂವರೆ ಆಗುತ್ತೆ," ಅಂದರೆ ಮೀಟರಿನ ಒಂದೂವರೆ ಪಟ್ಟು. ಎರಡೂ ಬಾಡಿಗೆ ಜಾಸ್ತಿ ಮಾಡುವ ಮಾತೇ. ಆದರೆ ಗ್ರಾಫ್ ಹಾಳೆ ಮೇಲೆ ಬರೆದು ನೋಡಿದರೆ ಇವೆರಡೂ ಮಾಡುವ ಕೆಲಸ ಪೂರ್ತಿ ಬೇರೆ. ಮೊದಲನೆಯದು ಗೆರೆಯನ್ನು ಇದ್ದ ಹಾಗೇ ಮೇಲಕ್ಕೆ ಎತ್ತುತ್ತದೆ. ಎರಡನೆಯದು ಗೆರೆಯನ್ನು ಇನ್ನಷ್ಟು ಕಡಿದಾಗಿಸುತ್ತದೆ.

ಹೈಸ್ಕೂಲು ಮಕ್ಕಳು ಸರಳರೇಖೆಯ ಪಾಠದಲ್ಲಿ ಎಡವುವುದು ಹೆಚ್ಚಾಗಿ ಈ ಜಾಗದಲ್ಲೇ. "ವೈ = ಎಂಎಕ್ಸ್ + ಸಿ. ಸಿ ಬದಲಾದರೆ ಗೆರೆ ಮೇಲೆ ಕೆಳಗೆ ಹೋಗುತ್ತದೆ, ಎಂ ಬದಲಾದರೆ ಓರೆ ಬದಲಾಗುತ್ತದೆ" ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಯಾಕೆ ಅಂತ ಕೇಳಿದರೆ ಸುಮ್ಮನಾಗಿಬಿಡುತ್ತಾರೆ. ಇದು ಮಕ್ಕಳ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಎಂ ಮತ್ತು ಸಿ ಅನ್ನೋ ಅಕ್ಷರಗಳ ಹಿಂದೆ ಏನಿದೆ ಅಂತ ತೋರಿಸದೆ ಸೂತ್ರ ಕೊಟ್ಟರೆ ಅವರು ತಾನೇ ಇನ್ನೇನು ಮಾಡಿಯಾರು? ಹಾಗಾಗಿ ಇಲ್ಲಿ ಆಟೋ ಬಾಡಿಗೆಯನ್ನೇ ಹಿಡಿದುಕೊಂಡು ನೋಡೋಣ.

2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಆಟೋ ಕನಿಷ್ಠ ದರ 36 ರೂಪಾಯಿ. ಇದು ಮೊದಲ 2 ಕಿಲೋಮೀಟರಿಗೆ. ಅಲ್ಲಿಂದ ಮುಂದೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಎರಡು ಹದಿನೆಂಟು ಮೂವತ್ತಾರು, ಅಲ್ವಾ? ಅಂದರೆ 2 ಕಿಲೋಮೀಟರ್ ದಾಟಿದ ಮೇಲೆ ಲೆಕ್ಕ ಬಹಳ ಸುಲಭ. ಹೋದ ದೂರವನ್ನು 18ರಿಂದ ಗುಣಿಸಿದರೆ ಬಾಡಿಗೆ ಬಂತು. ದೂರವನ್ನು ಎಕ್ಸ್ ಅಂತಲೂ ಬಾಡಿಗೆಯನ್ನು ವೈ ಅಂತಲೂ ಇಟ್ಟುಕೊಂಡರೆ, ವೈ = 18ಎಕ್ಸ್. ನಿಜವಾದ ಮೀಟರ್ ಸಣ್ಣ ಸಣ್ಣ ಜಿಗಿತದಲ್ಲಿ ಏರುತ್ತದೆ. ಅದನ್ನು ಸದ್ಯಕ್ಕೆ ಬಿಡೋಣ, ನೇರ ಗೆರೆ ಅಂತಲೇ ಇಟ್ಟುಕೊಳ್ಳೋಣ.

ಈಗ ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡ ಅಕ್ಷದಲ್ಲಿ 1 ಸೆಂಟಿಮೀಟರಿಗೆ 1 ಕಿಲೋಮೀಟರ್. ನೆಟ್ಟಗಿನ ಅಕ್ಷದಲ್ಲಿ 1 ಸೆಂಟಿಮೀಟರಿಗೆ 20 ರೂಪಾಯಿ. 5 ಕಿಲೋಮೀಟರಿಗೆ 90 ರೂಪಾಯಿ, ಅಲ್ಲೊಂದು ಚುಕ್ಕೆ. 10 ಕಿಲೋಮೀಟರಿಗೆ 180 ರೂಪಾಯಿ, ಅಲ್ಲೊಂದು ಚುಕ್ಕೆ. ಸ್ಕೇಲ್ ಇಟ್ಟು ಎಳೆಯಿರಿ. ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ನೆಟ್ಟಗೆ ಎರಡೂ ಅಕ್ಷ ಸೇರುವ ಮೂಲಬಿಂದುವಿಗೆ ಹೋಗಿ ಮುಟ್ಟುತ್ತದೆ. ಮೊದಲ 2 ಕಿಲೋಮೀಟರಲ್ಲಿ ಮಾತ್ರ ನಿಜವಾದ ಬಾಡಿಗೆ 36ರಲ್ಲೇ ಮಲಗಿರುತ್ತದೆ, ಅಲ್ಲೊಂದು ಅಡ್ಡ ತುಂಡು ಬರೆಯಬೇಕು.

"ಮೀಟರ್ ಮೇಲೆ ಇಪ್ಪತ್ತು" ಅಂದಾಗ ಈ ಚಿತ್ರಕ್ಕೆ ಏನಾಗುತ್ತದೆ? 5 ಕಿಲೋಮೀಟರಿನ 90 ರೂಪಾಯಿ 110 ಆಗುತ್ತದೆ. 10 ಕಿಲೋಮೀಟರಿನ 180 ರೂಪಾಯಿ 200 ಆಗುತ್ತದೆ. ಮಲಗಿದ್ದ 36ರ ತುಂಡು 56ಕ್ಕೆ ಏರುತ್ತದೆ. ಎಲ್ಲ ಚುಕ್ಕೆಯೂ ತಾನಿದ್ದ ಜಾಗದಿಂದ ನೇರ ಮೇಲಕ್ಕೆ ಒಂದೇ ಒಂದು ಸೆಂಟಿಮೀಟರ್ ಏರಿತು. ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ, ಯಾಕೆಂದರೆ ದೂರ ಬದಲಾಗಿಲ್ಲ. ಹಣ ಮಾತ್ರ ಬದಲಾಯಿತು. ಹೊಸ ಗೆರೆ ವೈ = 18ಎಕ್ಸ್ + 20. ಸೂತ್ರದ ಎಂ ಇಲ್ಲಿ 18, ಸಿ ಇಲ್ಲಿ 20. ಗೆರೆಯನ್ನು ಮೇಲಕ್ಕೆ ಸರಿಸುವುದು ಅಂದರೆ ಇಷ್ಟೇ. ಎಕ್ಸ್ ಮುಟ್ಟಬೇಡಿ, ಪ್ರತಿಯೊಂದು ವೈಗೂ ಒಂದೇ ಸಂಖ್ಯೆ ಕೂಡಿಸಿ. ಕೆಳಕ್ಕೆ ಸರಿಸಬೇಕಾದರೆ ಕಳೆಯಿರಿ.

ಇನ್ನು ಓರೆ ಯಾಕೆ ಬದಲಾಗುವುದಿಲ್ಲ? ಓರೆ ಅನ್ನೋದು ಒಂದು ಚುಕ್ಕೆಯ ಗುಣ ಅಲ್ಲ. ಎರಡು ಚುಕ್ಕೆಗಳ ನಡುವಿನ ವ್ಯತ್ಯಾಸ ಅದು. 5 ಕಿಲೋಮೀಟರಿನಿಂದ 8 ಕಿಲೋಮೀಟರಿಗೆ ಹೋದರೆ ಬಾಡಿಗೆ ಎಷ್ಟು ಏರುತ್ತದೆ? ಮೊದಲು 90ರಿಂದ 144, ಅಂದರೆ 54 ರೂಪಾಯಿ. ಇಪ್ಪತ್ತು ಸೇರಿಸಿದ ಮೇಲೆ 110ರಿಂದ 164, ಆಗಲೂ 54 ರೂಪಾಯಿ. ಕಳೆಯುವಾಗ ಎರಡೂ ಕಡೆಯ ಇಪ್ಪತ್ತು ಹೊಡೆದುಹೋಗುತ್ತದೆ. ಮೂರು ಕಿಲೋಮೀಟರಿಗೆ 54, ಒಂದಕ್ಕೆ 18. ಇಳಿಜಾರು, ಅಂದರೆ ಓರೆ, ಅದೇ ಉಳಿಯಿತು. ಹಾಗಾಗಿ ಹಳೇ ಗೆರೆಯೂ ಹೊಸ ಗೆರೆಯೂ ಸಮಾಂತರ. ಈ ಒಂದು ಕಳೆಯುವ ಲೆಕ್ಕವನ್ನು ಮಕ್ಕಳ ಕೈಯಲ್ಲಿ ಮಾಡಿಸಿದರೆ ಸಾಕು, "ಸಿ ಬದಲಾದರೆ ಓರೆ ಬದಲಾಗಲ್ಲ" ಅನ್ನೋದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಈಗ ಒಂದೂವರೆ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಮಾಮೂಲಿ ದರದ ಒಂದೂವರೆ ಪಟ್ಟು ಕೊಡಬೇಕು. 18ರ ಒಂದೂವರೆ 27. ಗೆರೆ ವೈ = 27ಎಕ್ಸ್. 5 ಕಿಲೋಮೀಟರಿನಲ್ಲಿ 45 ರೂಪಾಯಿ ಜಾಸ್ತಿ, 10 ಕಿಲೋಮೀಟರಿನಲ್ಲಿ 90 ರೂಪಾಯಿ ಜಾಸ್ತಿ. ಏರಿಕೆ ಎಲ್ಲ ಕಡೆ ಒಂದೇ ಅಲ್ಲ, ದೂರ ಹೋದಷ್ಟೂ ಜಾಸ್ತಿ. ಗೆರೆ ಮೂಲಬಿಂದುವಿನಲ್ಲಿ ಹಾಗೇ ನಿಂತು ಅಲ್ಲಿಂದ ಮೇಲಕ್ಕೆ ತಿರುಗಿತು. ಇದು ಸರಿಯುವುದಲ್ಲ.

ಹಾಗಾದರೆ ಪ್ರಯಾಣಿಕರಿಗೆ ಯಾವುದು ಕಮ್ಮಿ? 27ಎಕ್ಸ್ ಮತ್ತು 18ಎಕ್ಸ್ + 20 ಎಲ್ಲಿ ಸಮ ಅಂತ ನೋಡಿ. 9ಎಕ್ಸ್ = 20, ಅಂದರೆ ಎಕ್ಸ್ ಸುಮಾರು 2.2. ಎರಡು ಕಿಲೋಮೀಟರ್ ಚಿಲ್ಲರೆ ದಾಟಿದರೆ ಸಾಕು, ಮೇಲೆ ಇಪ್ಪತ್ತು ಕೊಡುವುದೇ ಅಗ್ಗ. 20 ಕಿಲೋಮೀಟರಿನ ಸವಾರಿಯಲ್ಲಿ 360 ರೂಪಾಯಿ 380 ಆಗುತ್ತದೆ, ಒಂದೂವರೆಯಾದರೆ 540. ಅದೇ 2 ಕಿಲೋಮೀಟರಿನ ಸಣ್ಣ ಸವಾರಿಯಲ್ಲಿ 36 ರೂಪಾಯಿ 56 ಆಗುತ್ತದೆ. ಅರ್ಧಕ್ಕಿಂತ ಜಾಸ್ತಿ ಏರಿತು. ಗೆರೆ ಎತ್ತಿದಾಗ ರೂಪಾಯಿ ಲೆಕ್ಕದಲ್ಲಿ ಎಲ್ಲರಿಗೂ ಒಂದೇ ಹೊರೆ, ಶೇಕಡಾ ಲೆಕ್ಕದಲ್ಲಿ ಹತ್ತಿರ ಹೋಗುವವರಿಗೆ ಭಾರಿ ಹೊರೆ. ಮನೆಯಿಂದ ಮೆಟ್ರೋ ಸ್ಟೇಷನ್ನಿಗೆ ಆಟೋದಲ್ಲಿ ಹೋಗುವವರಿಗೆ "ಮೇಲೆ ಇಪ್ಪತ್ತು" ಅನ್ನೋದು ಅಷ್ಟು ಚುಚ್ಚುವುದು ಇದಕ್ಕೇ.

ನಿಯಮದ ಪ್ರಕಾರ ಮೀಟರ್ ಮೇಲೆ ಹೀಗೆ ಕೇಳುವ ಹಾಗಿಲ್ಲ. ಅದು ಬೇರೆ ಮಾತು. ನಿಯಮದಲ್ಲೇ ಇರುವ ಎತ್ತುವ ಲೆಕ್ಕವೂ ಒಂದಿದೆ. 20 ಕೆಜಿವರೆಗಿನ ಲಗೇಜಿಗೆ ದುಡ್ಡಿಲ್ಲ, ಅದರ ಮೇಲೆ ಪ್ರತಿ 20 ಕೆಜಿಗೆ 10 ರೂಪಾಯಿ. 25 ಕೆಜಿಯ ಅಕ್ಕಿ ಮೂಟೆ ಜೊತೆಯಲ್ಲಿದ್ದರೆ ವೈ = 18ಎಕ್ಸ್ + 10. ಮೂಟೆ ಎಷ್ಟು ದೂರ ಹೋದರೂ ಅದೇ ಹತ್ತು ರೂಪಾಯಿ.

ಈ ಕಣ್ಣಿನಿಂದ 2025ರ ದರ ಏರಿಕೆಯನ್ನೇ ನೋಡಿ. ಅದಕ್ಕೂ ಮೊದಲು, 2021ರ ಡಿಸೆಂಬರಿನಿಂದ, ದರ 2 ಕಿಲೋಮೀಟರಿಗೆ 30, ಆಮೇಲೆ ಕಿಲೋಮೀಟರಿಗೆ 15 ಇತ್ತು. "ಕನಿಷ್ಠ ದರ 6 ರೂಪಾಯಿ ಏರಿಕೆ" ಅನ್ನೋ ಮಾತು ಕೇಳಿದಾಗ ಗೆರೆಯನ್ನು ಆರು ರೂಪಾಯಿ ಮೇಲೆ ಎತ್ತಿದರು ಅಂತ ಅನ್ನಿಸುತ್ತದೆ. ಹಾಗಲ್ಲ. 15 ಹೋಗಿ 18 ಬಂತು. ಗೆರೆ ತಿರುಗಿತು. ಆರು ರೂಪಾಯಿ ಅನ್ನೋದು ಮೊದಲ 2 ಕಿಲೋಮೀಟರಿನ ಮಾತು ಅಷ್ಟೇ. 10 ಕಿಲೋಮೀಟರಿಗೆ 150 ಇದ್ದದ್ದು 180 ಆಯಿತು, 30 ರೂಪಾಯಿ ಏರಿಕೆ. ಯಾವುದೇ ದರ ಏರಿಕೆಯ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ. ಎಲ್ಲ ಕಡೆ ಒಂದೇ ಮೊತ್ತ ಏರಿತಾ, ಇಲ್ಲಾ ಬಳಸಿದಷ್ಟೂ ಜಾಸ್ತಿ ಏರುತ್ತಾ? ಕರೆಂಟ್ ಬಿಲ್ಲಿನಲ್ಲಿ ನಿಗದಿತ ಶುಲ್ಕ ಏರಿದರೆ ಗೆರೆ ಎದ್ದಿತು. ಯೂನಿಟ್ ದರ ಏರಿದರೆ ಗೆರೆ ತಿರುಗಿತು. ಕಮ್ಮಿ ಕರೆಂಟ್ ಉರಿಸುವ ಮನೆಗೆ ಮೊದಲನೆಯದರ ಪೆಟ್ಟು ಜಾಸ್ತಿ.

ಉಷ್ಣತೆಯಲ್ಲೂ ಇದೇ ಜೋಡಿ ಇದೆ. ಸೆಲ್ಸಿಯಸ್‌ಗೆ 273.15 ಕೂಡಿಸಿದರೆ ಕೆಲ್ವಿನ್. ಇದು ಅಪ್ಪಟ ಎತ್ತುವ ಲೆಕ್ಕ. ಮಧ್ಯಾಹ್ನ 30 ಡಿಗ್ರಿ ಇದ್ದ ಬೆಂಗಳೂರು ರಾತ್ರಿ 20ಕ್ಕೆ ಇಳಿದರೆ ಕೆಲ್ವಿನ್‌ನಲ್ಲೂ 10ರ ಇಳಿಕೆಯೇ. ಫ್ಯಾರನ್‌ಹೀಟ್‌ಗೆ ಮಾತ್ರ 1.8ರಿಂದ ಗುಣಿಸಿ 32 ಕೂಡಿಸಬೇಕು. ಅಲ್ಲಿ 86 ಇದ್ದದ್ದು 68 ಆಗುತ್ತದೆ, ಇಳಿಕೆ 18. ಗುಣಾಕಾರ ಬಂದ ಕೂಡಲೇ ವ್ಯತ್ಯಾಸ ಬದಲಾಯಿತು. ಕೂಡಿಸಿದ 32 ಅದರಲ್ಲಿ ಕೈ ಹಾಕಲೇ ಇಲ್ಲ.

ಮತ್ತೆ ಗ್ರಾಫ್ ಹಾಳೆಗೆ ಬರೋಣ. ಇಲ್ಲಿ ಕಣ್ಣಿಗೆ ಒಂದು ಮೋಸ ಆಗುತ್ತದೆ, ಅದನ್ನು ನಿಧಾನವಾಗಿ ನೋಡುವುದು ಒಳ್ಳೆಯದು. ಎರಡೂ ಅಕ್ಷಕ್ಕೂ 1 ಸೆಂಟಿಮೀಟರಿಗೆ 1 ಅಂತ ಇಟ್ಟುಕೊಂಡು ವೈ = 1 ಮತ್ತು ವೈ = 5 ಎಳೆಯಿರಿ. ಎರಡು ಮಲಗಿದ ಗೆರೆ, ನಡುವೆ ನಾಲ್ಕು ಚೌಕ. ಈಗ ಪಕ್ಕದಲ್ಲಿ ವೈ = 3ಎಕ್ಸ್ ಮತ್ತು ವೈ = 3ಎಕ್ಸ್ + 4 ಎಳೆಯಿರಿ. ಇಲ್ಲೂ ನಾಲ್ಕೇ ಚೌಕ ಎತ್ತಿದ್ದು. ಆದರೆ ಗೆರೆಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಹತ್ತಿರ ಕಾಣುತ್ತವೆ. "ನಾನು ಸರಿಯಾಗಿ ನಾಲ್ಕು ಎತ್ತಿಲ್ವಾ?" ಅಂತ ಮಕ್ಕಳು ರಬ್ಬರ್ ತೆಗೆದುಕೊಂಡು ಅಳಿಸಲು ಶುರು ಮಾಡುವುದು ಈಗಲೇ. ಅಳಿಸಬೇಡಿ. ಎಕ್ಸ್ = 1 ಇರುವ ಕಡೆ ಪೆನ್ಸಿಲ್ ಇಟ್ಟು ನೇರ ಮೇಲಕ್ಕೆ ಎಣಿಸಿ. ಕೆಳಗಿನ ಗೆರೆ 3ರಲ್ಲಿ, ಮೇಲಿನದು 7ರಲ್ಲಿ. ನಾಲ್ಕೇ ಇದೆ.

ಕಣ್ಣು ಎರಡು ಗೆರೆಗಳ ನಡುವಿನ ಜಾಗವನ್ನು ನೇರ ಮೇಲಕ್ಕೆ ಅಳೆಯುವುದಿಲ್ಲ. ಒಂದು ಗೆರೆಯಿಂದ ಇನ್ನೊಂದಕ್ಕೆ ಅತಿ ಹತ್ತಿರದ ದಾರಿ ಹಿಡಿಯುತ್ತದೆ, ಅಂದರೆ ಗೆರೆಗೆ 90 ಡಿಗ್ರಿಯಲ್ಲಿ. ಕಂಪಾಸ್ ಬಾಕ್ಸಿನ ಸೆಟ್ ಸ್ಕ್ವೇರ್ ಇಟ್ಟು ಹಾಗೆ ಅಳೆದರೆ ಬರುವುದು ಸುಮಾರು ಒಂದೂಕಾಲು ಸೆಂಟಿಮೀಟರ್ ಮಾತ್ರ. ಇದಕ್ಕೊಂದು ಲೆಕ್ಕ ಇದೆ. ಎಷ್ಟು ಎತ್ತಿದ್ದೀರೋ ಅದನ್ನು, ಒಂದಕ್ಕೆ ಇಳಿಜಾರಿನ ವರ್ಗ ಕೂಡಿಸಿ, ಅದರ ವರ್ಗಮೂಲದಿಂದ ಭಾಗಿಸಬೇಕು. ಇಲ್ಲಿ ಇಳಿಜಾರು 3, ಅದರ ವರ್ಗ 9, ಒಂದು ಕೂಡಿಸಿದರೆ 10, ವರ್ಗಮೂಲ ಸುಮಾರು 3.16. ನಾಲ್ಕನ್ನು ಅದರಿಂದ ಭಾಗಿಸಿದರೆ ಸುಮಾರು 1.26. ಗೆರೆ ಕಡಿದಾದಷ್ಟೂ ಈ ಅಂತರ ಕುಗ್ಗುತ್ತದೆ. ನೇರ ಮೇಲಿನ ಅಂತರ ಮಾತ್ರ ಒಂದು ಕೂದಲಿನಷ್ಟೂ ಬದಲಾಗುವುದಿಲ್ಲ. ನಮ್ಮ ಆಟೋ ಗ್ರಾಫಿನಲ್ಲೂ ಅಷ್ಟೇ. ಅಲ್ಲಿ 18 ರೂಪಾಯಿ ಅಂದರೆ ಹಾಳೆ ಮೇಲೆ 0.9 ಸೆಂಟಿಮೀಟರ್, ಹಾಗಾಗಿ ಕಣ್ಣಿಗೆ ಕಾಣುವ ಇಳಿಜಾರು 0.9. ನೇರ ಮೇಲಕ್ಕೆ 1 ಸೆಂಟಿಮೀಟರ್, ಗೆರೆಗೆ 90 ಡಿಗ್ರಿಯಲ್ಲಿ ಅಳೆದರೆ ಏಳೂವರೆ ಮಿಲಿಮೀಟರಿಗೂ ಸ್ವಲ್ಪ ಕಮ್ಮಿ.

ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ಗೆರೆಯನ್ನು ಮೇಲಕ್ಕೆ ಎತ್ತಿದ್ದೋ ಪಕ್ಕಕ್ಕೆ ತಳ್ಳಿದ್ದೋ ಅಂತ ಆಮೇಲೆ ನೋಡಿದವರು ಹೇಳಲು ಆಗುವುದೇ ಇಲ್ಲ. ವೈ = 18ಎಕ್ಸ್ ಅನ್ನು 18 ರೂಪಾಯಿ ಮೇಲೆ ಎತ್ತಿ. ವೈ = 18ಎಕ್ಸ್ + 18 ಬಂತು. ಅದನ್ನೇ ವೈ = 18(ಎಕ್ಸ್ + 1) ಅಂತ ಬರೆಯಬಹುದು. ಅಂದರೆ ದೂರಕ್ಕೆ ಒಂದು ಕಿಲೋಮೀಟರ್ ಮೊದಲೇ ಸೇರಿಸಿದ ಹಾಗೆ. ಮೀಟರ್ ಮೇಲೆ 18 ರೂಪಾಯಿ ಕೊಡುವುದೂ ಒಂದೇ, ನೀವು ಹತ್ತುವ ಒಂದು ಕಿಲೋಮೀಟರ್ ಹಿಂದೆಯೇ ಮೀಟರ್ ಹಾಕಿಕೊಂಡು ಬಂದದ್ದೂ ಒಂದೇ. ಗೆರೆ 18 ರೂಪಾಯಿ ಮೇಲೇರಿತು ಅಂದರೂ ಸರಿ, 1 ಕಿಲೋಮೀಟರ್ ಎಡಕ್ಕೆ ಸರಿಯಿತು ಅಂದರೂ ಸರಿ. ಮೇಲೆ ಇಪ್ಪತ್ತು ಅಂದರೆ ಸುಮಾರು 1.1 ಕಿಲೋಮೀಟರ್ ಎಡಕ್ಕೆ. ಗೆರೆ ಎಡದಿಂದ ಬಲಕ್ಕೆ ಇಳಿಯುತ್ತಿದ್ದರೆ ದಿಕ್ಕು ತಿರುವುಮುರುವು. ಆಗ ಮೇಲಕ್ಕೆ ಎತ್ತುವುದೂ ಬಲಕ್ಕೆ ತಳ್ಳುವುದೂ ಒಂದೇ. ಪೂರ್ತಿ ಮಲಗಿದ ಗೆರೆಗೆ ಈ ಮಾತು ಹೊಂದುವುದಿಲ್ಲ, ಅದನ್ನು ಪಕ್ಕಕ್ಕೆ ಎಷ್ಟು ತಳ್ಳಿದರೂ ಅದು ಅಲ್ಲೇ ಇರುತ್ತದೆ. ಹಾಗೇ ಎಕ್ಸ್ = 4 ಅನ್ನೋ ನೆಟ್ಟಗಿನ ಗೆರೆಯನ್ನು ಮೇಲಕ್ಕೆ ಎಷ್ಟೇ ಎತ್ತಿದರೂ ಏನೂ ಬದಲಾಗುವುದಿಲ್ಲ. ಅದರ ಚುಕ್ಕೆಗಳು ಅದೇ ಗೆರೆಯ ಮೇಲೇ ಜಾರುತ್ತವೆ.

ಪರೀಕ್ಷೆಯಲ್ಲಿ ಅಂಕ ಹೋಗುವ ಜಾಗ ಬೇರೆಯೇ ಇದೆ. ಸಮೀಕರಣ ಯಾವಾಗಲೂ ವೈ = ಎಂಎಕ್ಸ್ + ಸಿ ಅಂತ ಅಚ್ಚುಕಟ್ಟಾಗಿ ಬರುವುದಿಲ್ಲ. 2ಎಕ್ಸ್ + 3ವೈ = 12 ಅಂತ ಕೊಟ್ಟು, ಈ ಗೆರೆಯನ್ನು 2 ಮಾನ ಮೇಲೆ ಸರಿಸಿ ಅಂತಾರೆ. ತಟ್ಟನೆ ಕೈಗೆ ಬರುವ ಉತ್ತರ 2ಎಕ್ಸ್ + 3ವೈ = 14. ಇದು ತಪ್ಪು. ಎಕ್ಸ್ = 0 ಹಾಕಿ ನೋಡಿ. ಹಳೇ ಗೆರೆಯಲ್ಲಿ ವೈ = 4. ಎರಡು ಮೇಲೆ ಅಂದರೆ 6 ಬರಬೇಕು. 14ರಲ್ಲಿ ಬರುವುದು 4.67 ಮಾತ್ರ. ಯಾಕೆ ಅಂದರೆ ಇಲ್ಲಿ ವೈಗೆ 3 ಅಂಟಿಕೊಂಡಿದೆ. ವೈ 2 ಏರಿದರೆ 3ವೈ 6 ಏರುತ್ತದೆ. ಸರಿಯಾದ ಉತ್ತರ 2ಎಕ್ಸ್ + 3ವೈ = 18.

ಇದನ್ನು ಸರಾಗವಾಗಿ ಮಾಡುವ ದಾರಿ ಅಂದರೆ ವೈ ಇದ್ದ ಕಡೆ (ವೈ − 2) ಹಾಕುವುದು. ಮೇಲಕ್ಕೆ ಎತ್ತುವಾಗ ಕಳೆಯುವುದು ಯಾಕೆ ಅಂತ ಎಲ್ಲರಿಗೂ ಗೊಂದಲ ಆಗುತ್ತದೆ. ಹೀಗೆ ಯೋಚಿಸಿ. ಹೊಸ ಗೆರೆಯ ಮೇಲೆ ಯಾವುದೋ ಒಂದು ಚುಕ್ಕೆ ಹಿಡಿದಿದ್ದೀರಿ. ಅದು ಎಲ್ಲಿಂದ ಬಂತು? ತನಗಿಂತ 2 ಕೆಳಗಿನಿಂದ. ಹಳೇ ಸಮೀಕರಣಕ್ಕೆ ಗೊತ್ತಿರುವುದು ಆ ಕೆಳಗಿನ ಚುಕ್ಕೆ ಮಾತ್ರ. ಹಾಗಾಗಿ ಹೊಸ ವೈಯಿಂದ 2 ಕಳೆದು, ಹಳೇ ಜಾಗಕ್ಕೆ ಇಳಿಸಿಯೇ ಹಳೇ ಸಮೀಕರಣಕ್ಕೆ ಕೊಡಬೇಕು. 2ಎಕ್ಸ್ + 3(ವೈ − 2) = 12. ಬಿಡಿಸಿದರೆ 18 ತಾನಾಗಿಯೇ ಬರುತ್ತದೆ.

ಹತ್ತನೇ ಕ್ಲಾಸಿನವರಿಗೆ ಇಲ್ಲಿಂದ ಒಂದು ಲಾಭ ಇದೆ. ಎರಡು ಸಮೀಕರಣಗಳ ಜೋಡಿಯಲ್ಲಿ ಎಕ್ಸ್‌ನ ಮತ್ತು ವೈಯ ಗುಣಕಗಳ ಅನುಪಾತ ಒಂದೇ ಆಗಿ, ಸ್ಥಿರಾಂಕಗಳ ಅನುಪಾತ ಬೇರೆಯಾದರೆ ಪರಿಹಾರವಿಲ್ಲ ಅಂತ ಕಲಿಯುತ್ತಾರೆ. ಅದೇನು ಹೊಸ ನಿಯಮ ಅಲ್ಲ. 2ಎಕ್ಸ್ + 3ವೈ = 12 ಮತ್ತು 2ಎಕ್ಸ್ + 3ವೈ = 18 ನೋಡಿ. ಒಂದನ್ನು ಎತ್ತಿದರೆ ಇನ್ನೊಂದು. ಎಲ್ಲ ಕಡೆಯೂ ನಡುವೆ ಸರಿಯಾಗಿ 2 ಮಾನದ ಅಂತರ ಇರುವಾಗ ಅವು ಸೇರುವುದಾದರೂ ಎಲ್ಲಿ? ಎರಡನೆಯದನ್ನು 4ಎಕ್ಸ್ + 6ವೈ = 36 ಅಂತ ವೇಷ ಹಾಕಿಸಿ ಕೊಟ್ಟರೂ ಗೆರೆ ಅದೇ.

ಕೊನೆಗೆ, ಎತ್ತುವುದೂ ತಿರುಗಿಸುವುದೂ ಒಟ್ಟಿಗೆ ಬಂದರೆ? 2013ರಲ್ಲಿ ಬಂದ ದರ ಮೊದಲ 1.9 ಕಿಲೋಮೀಟರಿಗೆ 25 ರೂಪಾಯಿ, ಆಮೇಲೆ ಕಿಲೋಮೀಟರಿಗೆ 13. ಆ ಗೆರೆಯನ್ನು ಹಿಂದಕ್ಕೆ ಎಳೆದರೆ ಮೂಲಬಿಂದುವಿಗೆ ಹೋಗುವುದಿಲ್ಲ. 13ನ್ನು 1.9ರಿಂದ ಗುಣಿಸಿದರೆ 24.70, ಹಾಗಾಗಿ ಅದು ವೈ ಅಕ್ಷವನ್ನು 30 ಪೈಸೆಯಲ್ಲಿ ಮುಟ್ಟುತ್ತದೆ. 2021ರಲ್ಲಿ 15ಎಕ್ಸ್ ಬಂದಾಗ ಗೆರೆ ಮೇಲಕ್ಕೆ ತಿರುಗಿತು, ಜೊತೆಗೆ 30 ಪೈಸೆ ಕೆಳಕ್ಕೂ ಸರಿಯಿತು. ಯಾರಿಗೂ ಗೊತ್ತಾಗದಷ್ಟು ಸಣ್ಣದು, ಆದರೆ ಸಮೀಕರಣದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಎರಡೂ ಒಟ್ಟಿಗೆ ಬಂದಾಗ ಯಾವುದು ಮೊದಲು ಅನ್ನೋದೂ ಮುಖ್ಯ. ರಾತ್ರಿ ಹನ್ನೊಂದಕ್ಕೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದಿದ್ದೀರಿ. "ಒಂದೂವರೆ, ಮೇಲೆ ಇಪ್ಪತ್ತು" ಅಂತ ಒಪ್ಪಂದ ಆಯಿತು ಅನ್ನಿ. ಮೊದಲು ಒಂದೂವರೆ ಮಾಡಿ ಆಮೇಲೆ ಇಪ್ಪತ್ತು ಸೇರಿಸಿದರೆ 27ಎಕ್ಸ್ + 20. ಮೊದಲು ಇಪ್ಪತ್ತು ಸೇರಿಸಿ ಆಮೇಲೆ ಒಂದೂವರೆ ಮಾಡಿದರೆ ಇಪ್ಪತ್ತೂ ಉಬ್ಬಿ 27ಎಕ್ಸ್ + 30. ಮೀಟರ್ 100 ತೋರಿಸಿದರೆ ಒಂದರಲ್ಲಿ 170, ಇನ್ನೊಂದರಲ್ಲಿ 180. ಮೀಟರ್ 300 ತೋರಿಸಿದರೆ 470 ಮತ್ತು 480. ಎಷ್ಟು ದೂರ ಹೋದರೂ ಜಗಳ ಆ ಹತ್ತು ರೂಪಾಯಿಗೇ, ಯಾಕೆಂದರೆ ಈ ಎರಡು ಗೆರೆಗಳಲ್ಲಿ ಒಂದನ್ನು ಹತ್ತು ರೂಪಾಯಿ ಮೇಲೆ ಎತ್ತಿದರೆ ಇನ್ನೊಂದು ಸಿಗುತ್ತದೆ.